ಪ್ಲೇಗಿನ ಭಯ ಕಟ್ಟಿದ ಊರು: ಬಸವನಗುಡಿಯಲ್ಲಿ ಒಂದು ಕಾಲ್ನಡಿಗೆ

ಬೆಂಗಳೂರಿನಲ್ಲಿ ನಡೆದೇ ನೋಡಬೇಕಾದ ಬಡಾವಣೆ ಯಾವುದೆಂದು ಹಳಬರನ್ನು ಕೇಳಿದರೆ ಅರ್ಧ ಜನ ಮಲ್ಲೇಶ್ವರ ಎನ್ನುತ್ತಾರೆ, ಉಳಿದರ್ಧ ಬಸವನಗುಡಿ ಎನ್ನುತ್ತಾರೆ. ಈ ವಾದ ಇನ್ನೂ ತೀರ್ಮಾನವಾಗಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಏಕೆಂದರೆ ಎರಡೂ ಒಂದೇ ಸಂಕಟದ ದಿನಗಳಲ್ಲಿ ರೂಪುಗೊಂಡ ಅವಳಿ ಬಡಾವಣೆಗಳು. ಪೇಟೆಯ ಉತ್ತರಕ್ಕೆ ಒಂದು, ದಕ್ಷಿಣಕ್ಕೆ ಇನ್ನೊಂದು. ಈ ವಾರ ದಕ್ಷಿಣದ ಕಡೆ ಹೆಜ್ಜೆ ಹಾಕೋಣ.

ಬಸವನಗುಡಿಯಲ್ಲಿ ತಿರುಗಾಡುವುದು ಹಿತವೆನಿಸುವುದು ಏಕೆ? ಮರಗಳ ನೆರಳು, ಕಾಫಿಯ ಘಮ, ಹೂವಿನ ಅಂಗಡಿ ಎಂದು ಯಾರಾದರೂ ಉತ್ತರಿಸಬಹುದು. ಆದರೆ ಇವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಜಾಗ. ಬೀದಿಗೆ, ಚರಂಡಿಗೆ, ಉದ್ಯಾನಕ್ಕೆ, ಗಾಳಿಗೆ ಎಂದು ಯಾರ ಪಾಲಿಗೂ ಕೊಡದೆ ಬಿಟ್ಟ ಜಾಗ. ಅದನ್ನು ಬಿಡಿಸಿದ್ದು ಪ್ಲೇಗು.

ಮಾರಿ ಬಂದ ವರ್ಷ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ ಮುಂಬಯಿಯನ್ನು ತತ್ತರಿಸುವಂತೆ ಮಾಡಿದ್ದ ರೋಗ, ರೈಲಿನ ಹಾದಿ ಹಿಡಿದು ದಕ್ಷಿಣಕ್ಕೆ ಇಳಿದಿತ್ತು. ಆಗಿನ ಬೆಂಗಳೂರು ಎಂದರೆ ಎರಡು ಊರು. ಬ್ರಿಟಿಷರ ಆಡಳಿತದ ದಂಡು ಪ್ರದೇಶ ಒಂದು, ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ ಇನ್ನೊಂದು. ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆಗಳ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಕೆಳಗೆ ಅಂಗಡಿ, ಮೇಲೆ ಸಂಸಾರ, ಹಿಂದೆ ದವಸದ ಉಗ್ರಾಣ. ಇಂಥ ಕಡೆ ರೋಗ ಹಬ್ಬಲು ತಡವಾಗಲಿಲ್ಲ. ಸಾವಿರಾರು ಜನ ಸತ್ತರು. ಇನ್ನೆಷ್ಟೋ ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಪ್ಲೇಗಮ್ಮನ ಹೆಸರಿನ ಗುಡಿಗಳು ತಲೆ ಎತ್ತಿದ್ದು ಆ ಕಾಲದಲ್ಲೇ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳವು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ತರುವ ಕೆಲಸ ನಡೆದಿತ್ತು. ಪೇಟೆಯ ಹೊರಗೆ ಹೊಸ ಬಡಾವಣೆ ಬೇಕೆಂಬ ಆಲೋಚನೆಯೂ ಹೊಸದಾಗಿರಲಿಲ್ಲ, ಪೇಟೆಗೆ ಅಂಟಿಕೊಂಡೇ ಚಾಮರಾಜಪೇಟೆ ಬೆಳೆಯುತ್ತಿತ್ತು. ಪ್ಲೇಗು ಆ ಆಲೋಚನೆಗೆ ತುರ್ತು ತಂದಿತು. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಈ ತುರ್ತಿನ ಫಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಪ್ಲೇಗಿನ ರೋಗಾಣುವನ್ನು 1894ರಲ್ಲೇ ಗುರುತಿಸಲಾಗಿತ್ತು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಹೇಳಿದ್ದು 1898ರಲ್ಲಿ. ಆ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳಲು ಮತ್ತೆ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಅಷ್ಟರವರೆಗೆ ಬಹುತೇಕ ಅಧಿಕಾರಿಗಳ ನಂಬಿಕೆ ಒಂದೇ: ರೋಗಕ್ಕೆ ಕಾರಣ ಕೊಳಕು, ಇಕ್ಕಟ್ಟು ಮತ್ತು ಕೆಟ್ಟ ಗಾಳಿ. ಹೀಗಾಗಿ ಹೊಸ ಬಡಾವಣೆಗೆ ಅವರು ಬರೆದ ಮದ್ದಿನ ಚೀಟಿಯೂ ಗಾಳಿ, ಬೆಳಕು ಮತ್ತು ಅಗಲವಾದ ಬೀದಿ. ಕಾರಣ ಪೂರ್ತಿ ಗೊತ್ತಿಲ್ಲದೆಯೇ ಕೊಟ್ಟ ಮದ್ದು. ಆದರೂ ಇಲಿಗಳಿಗೆ ಆಸರೆಯಾಗಿದ್ದ ಇಕ್ಕಟ್ಟಿನಿಂದ ಜನರನ್ನು ಬಿಡಿಸಿದ್ದರಿಂದ ಅದು ಒಂದು ಮಟ್ಟಿಗೆ ಕೆಲಸ ಮಾಡಿತು. ರೋಗ ಹೋಗಿ ನೂರು ವರ್ಷ ಕಳೆದ ಮೇಲೂ ಅದರ ಫಲ ಉಣ್ಣುತ್ತಿರುವವರು ನಾವು.

ಬೀದಿಗಳ ಲೆಕ್ಕಾಚಾರ

ಬಡಾವಣೆಯ ನಕ್ಷೆಯನ್ನು ಒಮ್ಮೆ ಗಮನಿಸಿದರೆ ಈ ಚಿಂತನೆ ಕಣ್ಣಿಗೆ ಕಾಣುತ್ತದೆ. ಒಂದನ್ನೊಂದು ನೇರವಾಗಿ ಕತ್ತರಿಸುವ ಬೀದಿಗಳು, ಅವುಗಳ ನಡುವೆ ಓರೆಯಾಗಿ ಹಾಯುವ ಡಯಾಗೊನಲ್ ರಸ್ತೆ, ಕೂಡುವಲ್ಲಿ ವೃತ್ತಗಳು. ಮನೆಯ ಮುಂದೆ ಹೂವಿನ ಗಿಡಕ್ಕಾಗುವಷ್ಟು ಅಂಗಳ, ಹಿಂದೆ ಬಾವಿ ಮತ್ತು ತೆಂಗಿನ ಮರಕ್ಕೆ ಹಿತ್ತಲು. ಹಿತ್ತಲ ಆಚೆಗೆ ಎರಡು ಸಾಲು ಮನೆಗಳ ನಡುವೆ ಒಂದು ಸಣ್ಣ ಓಣಿ. ಇದನ್ನು ಕನ್ಸರ್ವೆನ್ಸಿ ಓಣಿ ಎನ್ನುತ್ತಿದ್ದರು.

ಆಗ ಮೋಟಾರು ಕಾರು ಬೆಂಗಳೂರಿನಲ್ಲಿ ಜನಸಾಮಾನ್ಯರ ಕನಸಿನಲ್ಲೂ ಇರಲಿಲ್ಲ. ಉಳ್ಳವರಿಗೆ ಜಟಕಾ, ಉಳಿದವರಿಗೆ ಕಾಲು. ಆದ್ದರಿಂದ ಮಾರುಕಟ್ಟೆ, ಶಾಲೆ, ಗುಡಿ, ಉದ್ಯಾನ ಎಲ್ಲವೂ ನಡೆದು ತಲುಪುವಷ್ಟು ದೂರದಲ್ಲೇ ಬಂದವು. ಇಂದು ನಗರ ಯೋಜಕರು ಬಹಳ ಚರ್ಚೆ ಮಾಡಿ ಶಿಫಾರಸು ಮಾಡುವ ಸಂಗತಿ ಅಂದು ಬೇರೆ ದಾರಿಯಿಲ್ಲದೆ ಆಗಿಹೋಯಿತು.

ಆದರೆ ಈ ಚಿತ್ರದಲ್ಲಿ ಎಲ್ಲವೂ ಚೆಂದವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಹೊಸ ಬಡಾವಣೆಗಳಲ್ಲಿ ಜನ ನೆಲೆಸಿದ್ದು ಜಾತಿಯ ಎಲ್ಲೆಗಳನ್ನು ಅನುಸರಿಸಿಯೇ. ಮನೆ ಹಿಂದಿನ ಓಣಿ ಇದ್ದದ್ದು ಕಕ್ಕಸಿನ ಮಲವನ್ನು ಹೊತ್ತೊಯ್ಯುವವರಿಗಾಗಿ. ಮುಂಬಾಗಿಲ ಬೀದಿಯಲ್ಲಿ ಅವರು ಕಾಣಬಾರದೆಂಬ ಎಣಿಕೆಯೂ ಆ ಓಣಿಯಲ್ಲಿ ಅಡಗಿತ್ತು. ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸುವ ಹೆಜ್ಜೆ ಇಡಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ಬಸವನಗುಡಿಯ ಶುಚಿಯಾದ ಬೀದಿಯಲ್ಲಿ ನಡೆಯುವಾಗ ಹಿಂದಿನ ಓಣಿಯನ್ನೂ ನೆನೆಯುವುದು ನ್ಯಾಯ.

ಗಾಂಧಿ ಬಜಾರಿನಿಂದ ಆರಂಭ

ಈಗ ನಡಿಗೆಗೆ ಬರೋಣ. 2017ರಲ್ಲಿ ಮೆಟ್ರೊ ಹಸಿರು ಮಾರ್ಗ ಈ ಭಾಗಕ್ಕೆ ಬಂದ ಮೇಲೆ ದಾರಿ ಸುಲಭವಾಗಿದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಡಾವಣೆಯ ಅಂಚಿಗೆ ಬಂದಂತೆಯೇ. ವಾಹನ ತಂದು ನಿಲ್ಲಿಸಲು ಜಾಗ ಹುಡುಕುವ ಪಾಡು ಬೇಡ.

ಇಳಿದ ಕೂಡಲೇ ಸಿಗುವ ಕಾಲೇಜಿಗೆ ಒಂದು ನಮಸ್ಕಾರ ಹೇಳಿ ಮುಂದುವರಿಯಬಹುದು. ನ್ಯಾಷನಲ್ ಹೈಸ್ಕೂಲು 1917ರದು, ಕಾಲೇಜು 1945ರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಕೈಯಲ್ಲಿ ದುಡ್ಡಿಲ್ಲದೆ ನಡೆದೇ ಬೆಂಗಳೂರು ಸೇರಿದ ಹುಡುಗನೊಬ್ಬ ಆ ಹೈಸ್ಕೂಲಿನಲ್ಲಿ ಓದಿದ. ಮುಂದೆ ಅದೇ ಸಂಸ್ಥೆಯ ಕಾಲೇಜಿನ ಪ್ರಾಂಶುಪಾಲ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ. ಅವರೇ ಎಚ್. ನರಸಿಂಹಯ್ಯ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ ಜನಸಾಮಾನ್ಯರಿಗೆ ವಿಜ್ಞಾನದ ಮಾತು ಕೇಳಿಸಿತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ವಾಸ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ.

ಅಲ್ಲಿಂದ ಗಾಂಧಿ ಬಜಾರಿಗೆ ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಬೆಳಿಗ್ಗೆ ಏಳರ ಹೊತ್ತಿಗೆ ಹೋದರೆ ಒಳ್ಳೆಯದು. ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಸುಗಂಧರಾಜದ ಮಾಲೆಗಳು ಮೊಳದ ಲೆಕ್ಕದಲ್ಲಿ ಬಿಕರಿಯಾಗುತ್ತವೆ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ನೂಕುನುಗ್ಗಲೂ ನೋಡತಕ್ಕದ್ದೇ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಚೌಕಾಸಿ ಮಾಡಲು ಬಾರದವರು ಒಬ್ಬ ಹಿರಿಯ ಗೃಹಿಣಿಯ ಪಕ್ಕದಲ್ಲಿ ಎರಡು ನಿಮಿಷ ನಿಂತರೆ ಸಾಕು, ಕಲಿಯುತ್ತಾರೆ.

ಇಲ್ಲಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾಯಿತು. ಹೆಸರೇ ಹೇಳುವಂತೆ, ಸುತ್ತಲಿನ ಶಾಲೆಗಳ ಹುಡುಗರಿಗೆಂದು ತೆರೆದ ಸಣ್ಣ ಹೋಟೆಲು. ಕಾಲಕ್ರಮದಲ್ಲಿ ಮಾಸ್ಟರುಗಳು ಬಂದರು, ಸಾಹಿತಿಗಳು ಬಂದರು, ಈಗ ಸರದಿಯಲ್ಲಿ ನಿಲ್ಲುವ ಪ್ರವಾಸಿಗರೂ ಬರುತ್ತಾರೆ. ತೋಳಿನುದ್ದ ತಟ್ಟೆಗಳನ್ನು ಜೋಡಿಸಿಕೊಂಡು ಮಸಾಲೆ ದೋಸೆ ತರುವ ಮಾಣಿಯ ಕೈಚಳಕವನ್ನು ದೋಸೆ ಬರುವ ಮೊದಲೇ ಸವಿಯಬಹುದು. ಸರದಿ ಉದ್ದವಾಗಿದ್ದರೆ ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ ಇದೆ. 1965ರಿಂದ ನಡೆದುಬಂದ ಅಂಗಡಿ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು. ಸಾಂಬಾರ್ ಕೇಳಿದರೆ ಸಿಗುವುದಿಲ್ಲ, ಚಟ್ನಿ ಎಷ್ಟು ಸಲ ಕೇಳಿದರೂ ಸಿಗುತ್ತದೆ. ತಿನ್ನುವುದೆಲ್ಲ ರಸ್ತೆ ಬದಿಯಲ್ಲಿ ನಿಂತೇ.

ಈ ಬೀದಿ ಕನ್ನಡ ಸಾಹಿತ್ಯಕ್ಕೂ ತನ್ನ ಹೆಸರು ಕೊಟ್ಟಿದೆ. ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನ ‘ಮನಸು ಗಾಂಧಿಬಜಾರು’ 1960ರಲ್ಲಿ ಬಂತು. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ಪಕ್ಕದ ಗವಿಪುರದಲ್ಲಿತ್ತು. 1983ರ ಜ್ಞಾನಪೀಠ ಪ್ರಶಸ್ತಿ ಪಡೆದ ಈ ಹಿರಿಯರು ಕೊಡೆ ಹಿಡಿದು ನಡೆದು ಹೋಗುತ್ತಿದ್ದುದು ಇಲ್ಲಿನ ಹಳಬರ ನೆನಪಿನ ಒಂದು ಭಾಗ. ದೊಡ್ಡ ಲೇಖಕರೂ ತರಕಾರಿ ಚೀಲ ಹಿಡಿದವರೂ ಒಂದೇ ಫುಟ್‌ಪಾತಿನಲ್ಲಿ ಎದುರಾಗುವುದು ನಡೆಯುವ ಊರಿನಲ್ಲಿ ಮಾತ್ರ ಸಾಧ್ಯ. ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಯ ವಿಶ್ವ ಸಂಸ್ಕೃತಿ ಸಂಸ್ಥೆ ಎರಡೂ 1945ರಲ್ಲಿ ಈ ಸುತ್ತಿನಲ್ಲೇ ಆರಂಭವಾದವು. ಸಂಜೆ ಉಪನ್ಯಾಸ ಕೇಳಿ ಮನೆಗೆ ನಡೆದು ಹೋಗಬಹುದಾದಷ್ಟು ಹತ್ತಿರ ಶ್ರೋತೃಗಳಿದ್ದರು ಎಂಬುದೂ ಅವುಗಳ ಬಾಳಿಕೆಗೆ ಒಂದು ಕಾರಣವೆನ್ನಬಹುದು.

ಬಂಡೆ, ಬಸವ, ಕಡಲೆಕಾಯಿ

ಗಾಂಧಿ ಬಜಾರಿನ ತುದಿಯಲ್ಲಿ ರಾಮಕೃಷ್ಣ ಆಶ್ರಮದ ವೃತ್ತ. 1904ರಲ್ಲಿ ಆರಂಭವಾದ ಬೆಂಗಳೂರಿನ ಆಶ್ರಮಕ್ಕೆ ಶಾರದಾದೇವಿಯವರು 1911ರಲ್ಲಿ ಬಂದಿದ್ದರು. ಅವರು ಧ್ಯಾನಕ್ಕೆ ಕುಳಿತ ಬಂಡೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣ ಸಿಗುತ್ತಾನೆ.

ಮೊದಲು ಬ್ಯೂಗಲ್ ರಾಕ್. ಹಿಂದೆ ಕಾವಲಿನವರು ಕಹಳೆ ಊದುತ್ತಿದ್ದ ಬಂಡೆ ಎಂಬುದರಿಂದ ಬಂದ ಹೆಸರು. ಲಾಲ್‌ಬಾಗಿನ ಬಂಡೆಯ ಹಾಗೆ ಇದೂ ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ಜಾತಿಗೆ ಸೇರಿದ್ದು. ಮರಗಳ ನಡುವಿನ ಉದ್ಯಾನದಲ್ಲಿ ಡಿವಿಜಿಯವರ ಪ್ರತಿಮೆ ಇದೆ. ಕೂರಲು ಇದಕ್ಕಿಂತ ತಂಪಾದ ಜಾಗ ಹತ್ತಿರದಲ್ಲಿಲ್ಲ.

ಅದರ ಆಚೆಗೆ ದೊಡ್ಡ ಗಣಪತಿ, ಮೇಲೆ ದೊಡ್ಡ ಬಸವಣ್ಣ. ಒಂದೇ ಕಲ್ಲಿನಲ್ಲಿ ಕಡೆದ ಈ ಬಸವ ಸುಮಾರು 15 ಅಡಿ ಎತ್ತರ. ಗುಡಿ ಕೆಂಪೇಗೌಡರ ಕಾಲದ್ದು, 16ನೇ ಶತಮಾನದ್ದು ಎಂಬುದು ಪ್ರತೀತಿ. ಆಗಿಲ್ಲಿದ್ದ ಹಳ್ಳಿಯ ಹೆಸರು ಸುಂಕೇನಹಳ್ಳಿ. ರೈತರ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನನ್ನು ಸಮಾಧಾನಪಡಿಸಲು ಗುಡಿ ಕಟ್ಟಿದರು, ಮೊದಲ ಬೆಳೆ ಅವನಿಗೇ ಅರ್ಪಿಸಿದರು ಎಂಬುದು ಐತಿಹ್ಯ. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಸಮುದ್ರ ದಾಟಿ ಭಾರತಕ್ಕೆ ಬಂದದ್ದು. ಆದ್ದರಿಂದ ಕಥೆಯ ಬಸವ ಮೊದಲು ಮೇಯ್ದದ್ದು ಬೇರೆ ಬೆಳೆ ಇದ್ದೀತು! ಅದೇನೇ ಇರಲಿ, ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಸುತ್ತಲ ಜಿಲ್ಲೆಗಳಿಂದ ಇಂದಿಗೂ ರಾಶಿ ರಾಶಿ ಕಾಯಿ ಬರುತ್ತದೆ. ಮಹಾನಗರದ ಮಧ್ಯೆ ಹಳ್ಳಿಯೊಂದು ವರ್ಷಕ್ಕೊಮ್ಮೆ ಎದ್ದು ಕೂರುವ ದಿನ ಅದು.

ಕಾಲಿನಲ್ಲಿ ಇನ್ನೂ ಕಸುವಿದ್ದರೆ ಗವಿಪುರದ ಗಂಗಾಧರೇಶ್ವರ ಗುಹೆಗೆ ಹೋಗಬಹುದು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ದಣಿದವರು ಹಿಂದಿರುಗಿ ಎಂ.ಎನ್. ಕೃಷ್ಣರಾವ್ ಉದ್ಯಾನದಲ್ಲಿ ಕುಳಿತುಕೊಳ್ಳಬಹುದು. ಮೈಸೂರಿನ ಹಂಗಾಮಿ ದಿವಾನರಾಗಿದ್ದವರ ಹೆಸರಿನ ಈ ಉದ್ಯಾನ ಬಡಾವಣೆಯ ದೊಡ್ಡ ಉಸಿರುಚೀಲ. ಗಾಳಿ ಬೇಕೆಂದು 1898ರಲ್ಲಿ ಹೇಳಿದವರ ಮಾತು ಇಲ್ಲಿ ಅರ್ಥವಾಗುತ್ತದೆ.

ಬಿಟ್ಟ ಜಾಗ ಯಾರದು?

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಬಸವನಗುಡಿಯ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಒಂದು ಸಂಸಾರವಿದ್ದ ಕಡೆ ಎಂಟು ಸಂಸಾರ, ಎಂಟು ಕಾರು. ಅಂಗಳ ಹೋಯಿತು, ಹಿತ್ತಲು ಹೋಯಿತು. ಹಿಂದಿನ ಓಣಿಗಳನ್ನು ಅಲ್ಲಲ್ಲಿ ಅಕ್ಕಪಕ್ಕದವರು ಒಳಗೆ ಹಾಕಿಕೊಂಡರು. ಉಳಿದದ್ದು ಫುಟ್‌ಪಾತು. ಅದರ ಮೇಲೂ ಸ್ಕೂಟರು, ಜನರೇಟರು, ಟ್ರಾನ್ಸ್‌ಫಾರ್ಮರುಗಳ ಹಕ್ಕುಸ್ಥಾಪನೆ.

ಗಾಂಧಿ ಬಜಾರನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಮರುರೂಪಿಸುವ ಕೆಲಸವನ್ನು 2022ರಲ್ಲಿ ಕೈಗೆತ್ತಿಕೊಂಡಾಗ ದೊಡ್ಡ ಚರ್ಚೆಯೇ ನಡೆಯಿತು. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲವೆಂದು ಅಂಗಡಿಯವರ ಅಳಲು. ಕೆಲಸ ಮುಗಿದ ಮೇಲೆ ತಮ್ಮ ಹಳೆಯ ಜಾಗ ಸಿಗುತ್ತದೋ ಇಲ್ಲವೋ ಎಂದು ಬೀದಿ ವ್ಯಾಪಾರಿಗಳ ಆತಂಕ. ಎರಡನ್ನೂ ತಳ್ಳಿಹಾಕುವಂತಿಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕೆ 2014ರ ಕಾಯಿದೆಯ ರಕ್ಷಣೆಯಿದೆ. ಹೂವಿನವರಿಲ್ಲದ ಗಾಂಧಿ ಬಜಾರು ಎಷ್ಟು ನುಣುಪಾದ ಕಲ್ಲು ಹಾಸಿದರೂ ಗಾಂಧಿ ಬಜಾರಾಗದು.

ಆದರೆ ಒಂದು ಮಾತು ಸ್ಪಷ್ಟ. ಈ ಬಡಾವಣೆಯ ಸೊಗಸು ಯಾರೋ ಒಬ್ಬರ ಆಸ್ತಿಯಿಂದ ಬಂದದ್ದಲ್ಲ, ಯಾರ ಆಸ್ತಿಯೂ ಅಲ್ಲದ ಜಾಗದಿಂದ ಬಂದದ್ದು. ನಮ್ಮ ಹಿರಿಯರು ಆ ಜಾಗ ಬಿಟ್ಟದ್ದು ಔದಾರ್ಯದಿಂದಲ್ಲ, ಸಾವಿನ ಹೆದರಿಕೆಯಿಂದ. ಅದನ್ನು ಉಳಿಸಿಕೊಳ್ಳಲು ನಮಗೆ ಇನ್ನೊಂದು ಮಾರಿ ಬರಬೇಕೇ? ಬರುವ ಭಾನುವಾರ ಬೆಳಿಗ್ಗೆ ಬಸವನಗುಡಿಗೆ ಬನ್ನಿ, ಗಾಡಿಯನ್ನು ಮನೆಯಲ್ಲೇ ಬಿಟ್ಟು. ಫುಟ್‌ಪಾತಿನ ಮೇಲೆ ನಡೆಯುವವರು ಹೆಚ್ಚಾದಷ್ಟೂ ಅದನ್ನು ಕಬಳಿಸುವವರಿಗೆ ಧೈರ್ಯ ಕಡಿಮೆಯಾಗುತ್ತದೆ.