ಪರದೆ ಕಿತ್ತು ಹೊಲಿದ ಗೌನು

1939ರಲ್ಲಿ ಹಾಲಿವುಡ್ಡಿನಿಂದ ಬಂದ ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ಒಂದು ದೃಶ್ಯ ಇದೆ. ಅಮೆರಿಕದ ಅಂತರ್ಯುದ್ಧ ಮುಗಿದಿದೆ. ಗುಲಾಮರನ್ನಿಟ್ಟುಕೊಂಡು ಹತ್ತಿ ಬೆಳೀತಿದ್ದ ದಕ್ಷಿಣದ ದಣಿಗಳು ಸೋತು ಸುಣ್ಣವಾಗಿದ್ದಾರೆ. ನಾಯಕಿ ಸ್ಕಾರ್ಲೆಟ್ಟಿಗೆ ಜಮೀನಿನ ಕಂದಾಯ ಕಟ್ಟಲು 300 ಡಾಲರ್ ಬೇಕು. ಉಳ್ಳವನೊಬ್ಬನ ಹತ್ತಿರ ಕೇಳೋಣ ಅಂದರೆ ಮೈಮೇಲೆ ನೆಟ್ಟಗಿನ ಬಟ್ಟೆ ಇಲ್ಲ. ಕಿಟಕಿಯ ಹಸಿರು ಮಖಮಲ್ ಪರದೆ ಕಣ್ಣಿಗೆ ಬೀಳುತ್ತೆ. ಎಳೆದು ಕೆಡವುತ್ತಾಳೆ. ಸತ್ತ ಒಡತಿಯ ಪರದೆ ಅದು, ಮುಟ್ಟಬೇಡ ಅಂತ ಮನೆಯ ಕರಿ ಹೆಂಗಸು ಮ್ಯಾಮಿ ತಡೀತಾಳೆ. ಕೇಳೋರು ಯಾರು? ಮುಂದಿನ ಸಲ ಸ್ಕಾರ್ಲೆಟ್ ಕಾಣಿಸುವಾಗ ಪರದೆ ಗೌನಾಗಿದೆ. ಪರದೆ ಕಟ್ಟೋ ಹಗ್ಗ ಗೊಂಡೆಸಮೇತ ನಡುಪಟ್ಟಿಯಾಗಿದೆ.

ಹೊಲಿದವರು ಯಾರು? ಚಿತ್ರ ಅದನ್ನ ತೋರಿಸೋದಿಲ್ಲ. ಕತ್ತರಿ ಇಲ್ಲ, ಸೂಜಿ ಇಲ್ಲ. ಜಾಣತನ ಮಾತ್ರ ಒಡತಿಯದು.

ಮನೆಯಲ್ಲಿರೋ ಬಟ್ಟೆಯಿಂದಲೇ ಸಿನಿಮಾ ತಾರೆಯ ಥರದ ಉಡುಪು ಮಾಡಿಕೊಳ್ಳೋ ಮಾತು ಬಂದಾಗ ಈ ಗೌನು ನೆನಪಾಗದೆ ಇರೋದಿಲ್ಲ. ಅದು ಈಗ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಆ ಚಿತ್ರದ ಉಡುಪುಗಳನ್ನು ಜೋಪಾನ ಮಾಡಲು 2010ರಲ್ಲಿ 30,000 ಡಾಲರ್ ಚಂದಾ ಕೇಳಿದರು. ಅಭಿಮಾನಿಗಳು ಕೊಟ್ಟರು. ಕೊಡಲಿ ಬಿಡಿ. ನಮಗೆ ಬೇಕಾದದ್ದು ಮ್ಯಾಮಿಯ ಲೆಕ್ಕ.

ಮ್ಯಾಮಿಯಾಗಿ ನಟಿಸಿದವಳು ಹ್ಯಾಟಿ ಮೆಕ್‌ಡೇನಿಯಲ್. ಅವಳ ತಂದೆ ತಾಯಿ ಇಬ್ಬರೂ ಗುಲಾಮರಾಗಿ ಹುಟ್ಟಿದವರು. 1939ರ ಡಿಸೆಂಬರ್ 15ರಂದು ಅಟ್ಲಾಂಟಾದಲ್ಲಿ ಚಿತ್ರದ ಮೊದಲ ಪ್ರದರ್ಶನ ಆದಾಗ ಅವಳು ಅಲ್ಲಿರಲಿಲ್ಲ, ಯಾಕಂದರೆ ಅದು ಕರಿಯರನ್ನು ಬಿಳಿಯರ ಜೊತೆ ಕೂರಿಸದ ಊರು. 1940ರ ಫೆಬ್ರವರಿ 29ರಂದು ಅವಳಿಗೆ ಆಸ್ಕರ್ ಬಂತು, ಕರಿಯರಿಗೆ ಸಿಕ್ಕ ಮೊದಲ ಆಸ್ಕರ್. ತಲೆಗೆ ಬಿಳಿ ಹೂ ಮುಡಿದು ಬಂದಿದ್ದಳು. ಜೊತೆಯ ನಟನಟಿಯರ ಸಾಲಿನಲ್ಲಿ ಜಾಗ ಇಲ್ಲ, ಗೋಡೆ ಪಕ್ಕ ಬೇರೆ ಮೇಜು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡ್ತಿದ್ದರಲ್ಲ, ಹಂಗೆ. 1952ರಲ್ಲಿ ಸತ್ತಾಗ ಅವಳು ಬಯಸಿದ್ದ ಹಾಲಿವುಡ್ಡಿನ ಸ್ಮಶಾನವೂ ಅವಳ ಹೆಣಕ್ಕೆ ಬಾಗಿಲು ತೆರೀಲಿಲ್ಲ.

ಇದು ಸಿನಿಮಾದ ಸಂಗತಿ. ಆ ಸಿನಿಮಾ ಮುಚ್ಚಿಟ್ಟ ಚರಿತ್ರೆ ಇನ್ನೂ ಹಳೇದು. ದಕ್ಷಿಣ ಕೆರೊಲೈನಾದಲ್ಲಿ 1740ರಲ್ಲಿ ಒಂದು ಕಾಯ್ದೆ ಆಯಿತು. ಗುಲಾಮರು ಏನುಡಬೇಕು ಅನ್ನೋದನ್ನ ಬಟ್ಟೆಯ ಹೆಸರು ಹಿಡಿದು ಬರೆದರು. ಒರಟು ಬಟ್ಟೆ ಮಾತ್ರ, ಅದಕ್ಕಿಂತ ನಯವಾದದ್ದು ಮೈಮೇಲೆ ಕಂಡರೆ ಪೊಲೀಸಿನವನು ಕಿತ್ತುಕೊಳ್ಳಬಹುದು. ಆ ಒರಟು ಬಟ್ಟೆಗೆ ‘ನೀಗ್ರೋ ಬಟ್ಟೆ’ ಅಂತಲೇ ಹೆಸರು. ಮುಂದೆ ಇದನ್ನ ನೇಯ್ದು ಕಳಿಸಿದ್ದು ಗುಲಾಮಗಿರಿಯನ್ನು ಬಿಟ್ಟಿದ್ದೇವೆ ಅಂತ ಹೇಳಿಕೊಳ್ತಿದ್ದ ಉತ್ತರದ ರೋಡ್ ಐಲೆಂಡಿನ ಗಿರಣಿಗಳು! ಹತ್ತಿ ಬಿಡಿಸಿದವರ ಮೈಗೇ ಆ ಗೋಣಿಯಂಥ ಬಟ್ಟೆ ತಿರುಗಿ ಬರ್ತಿತ್ತು.

ನಮ್ಮವರಿಗೆ ಇದು ಹೊಸದೇನಲ್ಲ. ಚಂಡಾಲರು ಹೆಣದ ಬಟ್ಟೆ ಉಡಬೇಕು ಅಂತ ಮನುಸ್ಮೃತಿಯ ಹತ್ತನೇ ಅಧ್ಯಾಯ ಹೇಳುತ್ತೆ. ಅದೇ ಅಧ್ಯಾಯದಲ್ಲಿ, ಚಾಕರಿ ಮಾಡೋ ಶೂದ್ರನಿಗೆ ಮೇಲಿನವರು ಉಟ್ಟು ಬಿಟ್ಟ ಹಳೇ ಬಟ್ಟೆ. ಕಡಲು ದಾಟಿದರೂ ಕಾನೂನು ಬರೆಯೋ ಕೈಗಳ ಬುದ್ಧಿ ಒಂದೇ.

ಸೂಜಿ ಹಿಡಿದ ಕೈಗಳ ಕಥೆ ಬೇರೆ. ಎಲಿಜಬೆತ್ ಕೆಕ್ಲಿ 1818ರಲ್ಲಿ ವರ್ಜೀನಿಯಾದಲ್ಲಿ ಗುಲಾಮಳಾಗಿ ಹುಟ್ಟಿದಳು. ಸೇಂಟ್ ಲೂಯಿಸ್ ಪಟ್ಟಣದಲ್ಲಿ ದಣಿ ಕಡೆಯವರು, ಆಳುಗಳು ಸೇರಿ ಹದಿನೇಳು ಬಾಯಿಗೆ ಅವಳ ಹೊಲಿಗೆಯೊಂದೇ ಅನ್ನ ಹಾಕಿತು, ಎರಡು ವರ್ಷ ಐದು ತಿಂಗಳು. 1855ರಲ್ಲಿ 1200 ಡಾಲರ್ ತೆತ್ತು ತನ್ನನ್ನೂ ಮಗನನ್ನೂ ಬಿಡಿಸಿಕೊಂಡಳು. ಆಮೇಲೆ ಅಧ್ಯಕ್ಷ ಲಿಂಕನ್ನರ ಹೆಂಡತಿಗೆ ಬಟ್ಟೆ ಹೊಲಿದಳು. 1868ರಲ್ಲಿ ಇದನ್ನೆಲ್ಲಾ ಪುಸ್ತಕವಾಗಿ ಬರೆದಳು ನೋಡಿ, ಆಗ ಶುರುವಾಯಿತು ಬೈಗುಳ. ಅವಳ ಸೂಜಿ ಬೇಕಿತ್ತು, ಮಾತು ಬೇಕಿರಲಿಲ್ಲ. 1907ರಲ್ಲಿ ಸತ್ತಿದ್ದು ದಿಕ್ಕಿಲ್ಲದವರ ಆಶ್ರಮದಲ್ಲಿ. ಪರದೆ ಗೌನು ಹೊಲಿದವರು ಯಾರು ಅಂತ ಕೇಳಿದೆನಲ್ಲ, ಉತ್ತರ ಈ ಕಡೆ ಹುಡುಕಬೇಕು.

1930ರ ದಶಕದ ಬಡತನದಲ್ಲಿ ಅಮೆರಿಕದ ಹಳ್ಳಿಯ ಬಡ ಹೆಂಗಸರು ಹಿಟ್ಟಿನ ಚೀಲ ಬಿಚ್ಚಿ ಫ್ರಾಕು ಹೊಲಿದರು. ಗಿರಣಿಯವರು ಅದನ್ನ ಕಂಡು ಚೀಲಕ್ಕೇ ಹೂವು ಅಚ್ಚು ಹಾಕಿ ಮಾರಿದರು, ವ್ಯಾಪಾರಸ್ಥರ ಬುದ್ಧಿ! ಯುದ್ಧಕಾಲದ ಲಂಡನ್ನಿನಲ್ಲಿ ‘ಗಾನ್ ವಿತ್ ದ ವಿಂಡ್’ ನಾಲ್ಕು ವರ್ಷ ಓಡಿತು. ಹೊರಗೆ 1941ರಿಂದ ಬಟ್ಟೆಗೆ ರೇಷನ್ನು, ಹಳೇದನ್ನೇ ತಿರುಗಿಸಿ ಹೊಲಿದುಕೊಳ್ಳಿ ಅಂತ ಸರ್ಕಾರದ್ದೇ ಪುಸ್ತಿಕೆ. ಬಿಳಿಯರು ಮಾಡಿದಾಗ ಅದು ದೇಶಸೇವೆ.

ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಹಳ್ಳಿ, ಮೂರು ಕಡೆ ನದಿ. ಅಲ್ಲಿ ಎಷ್ಟೋ ಮನೆಗಳವರ ಹೆಸರು ಪೆಟ್ವೇ. ಅದು ಅವರ ಅಜ್ಜಂದಿರ ಒಡೆಯನಾಗಿದ್ದ ದಣಿಯ ಹೆಸರು. ದಣಿ ಹೋದರೂ ಹೆಸರು ಹೋಗಲಿಲ್ಲ, ಸಾಲವೂ ಹೋಗಲಿಲ್ಲ. 1932ರಲ್ಲಿ ಸಾಲಗಾರನ ಕಡೆಯವರು ಬಂದು ದನ, ನೇಗಿಲು, ಕಾಳು, ಎಲ್ಲಾ ಹೊತ್ತುಕೊಂಡು ಹೋದರು. ಚಳಿಗಾಲಕ್ಕೆ ಉಳಿದಿದ್ದು ಹರಕು ಬಟ್ಟೆ. ಗೋಡೆಯ ಸಂದಿಗೆ ಹಳೇ ಪೇಪರು ಅಂಟಿಸಿದರು, ಹೊಲದ ಅಂಗಿ ಪ್ಯಾಂಟು ಕತ್ತರಿಸಿ ಕೌದಿ ಹೊಲಿದು ಹೊದ್ದರು. ಥೇಟ್ ನಮ್ಮ ಕೌದಿಯೇ.

1942ರ ಸುಮಾರಿಗೆ ಅಲ್ಲಿಯ ಮಿಸ್ಸೂರಿ ಪೆಟ್ವೇಯ ಗಂಡ ತೀರಿಕೊಂಡ. ಅವನು ಗೇಯುವಾಗ ತೊಡ್ತಿದ್ದ ಬಟ್ಟೆಗಳನ್ನೇ ಬಿಚ್ಚಿ ಅವಳು ಒಂದು ಕೌದಿ ಮಾಡಿದಳು, ಹೊದ್ದು ಮಲಗೋದಕ್ಕೆ. ಮೊಣಕಾಲು ಸವೆದ ಕಡೆ, ಜೇಬು ಇದ್ದ ಕಡೆ ಬಣ್ಣ ಬೇರೆ, ಉಳಿದ ಕಡೆ ಬೇರೆ. ಸತ್ತವನ ಬಟ್ಟೆಯೇ ಇದು. ಆದರೆ ಮನು ಉಡಿಸಿದ ಹೆಣದ ಬಟ್ಟೆ ಬೇರೆ, ಮಿಸ್ಸೂರಿ ಹೊದ್ದ ಬಟ್ಟೆ ಬೇರೆ. ಸತ್ತ ಅವ್ವನ ಸೀರೆಯನ್ನ ಕೌದಿಯ ಮೇಲುಹೊದಿಕೆ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1962ರಲ್ಲಿ ಈ ಜನ ಓಟಿನ ಹಕ್ಕು ಕೇಳೋಕೆ ಹೊರಟಾಗ ನದಿ ದಾಟೋ ದೋಣಿಯನ್ನೇ ಬಿಳಿಯರು ನಿಲ್ಲಿಸಿದರು. ಅದು ಮತ್ತೆ ಓಡಿದ್ದು 2006ರಲ್ಲಿ. ಅಷ್ಟರಲ್ಲಿ, 1966ರಲ್ಲಿ, ಆ ಸುತ್ತಿನ ಹೆಂಗಸರು ಕೌದಿಯ ಸಂಘವನ್ನೇ ಕಟ್ಟಿದ್ದರು.

ಇದ್ದ ಬಟ್ಟೆಯಲ್ಲೇ ಹೊಸ ಉಡುಪು ಮಾಡೋಕೆ ಕೆಲವು ಸಲ ಸೂಜಿಯೂ ಬೇಕಾಗಿಲ್ಲ. ಸ್ಕಾರ್ಲೆಟ್ ತೆರೆಯ ಮೇಲೆ ಪರದೆ ಎಳೆಯೋದಕ್ಕೆ ಹನ್ನೆರಡು ವರ್ಷ ಮುಂಚೆ, 1927ರ ಡಿಸೆಂಬರಿನಲ್ಲಿ, ಮಹಾಡಿನಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟರು. ಆಮೇಲೆ ಹೆಂಗಸರ ಜೊತೆ ಕೂತು ಬಟ್ಟೆಯ ಮಾತೇ ಆಡಿದರು. ನೀವು ಸೀರೆ ಉಡೋ ರೀತಿಯೇ ನಿಮ್ಮ ಜಾತಿ ಸಾರುತ್ತೆ, ಅದನ್ನ ಬಿಡಿ. ಹರಿದಿದ್ದರೂ ಚಿಂತೆಯಿಲ್ಲ, ಶುಚಿಯಾಗಿರಲಿ. ಆ ಬೆಳ್ಳಿಯ ಭಾರದ ಬಳೆ ಕಡಗ ತೆಗೆದುಹಾಕಿ. ಹೀಗಿತ್ತು ಮಾತಿನ ಸಾರ. ಅಂಗಡಿಗೆ ಯಾರೂ ಹೋಗಲಿಲ್ಲ. ಹೆಂಗಸರು ಉಟ್ಟಿದ್ದ ಅದೇ ಸೀರೆಯ ನೆರಿಗೆ ಬಿಚ್ಚಿ, ಅಂಚನ್ನ ಹಿಮ್ಮಡಿವರೆಗೆ ಇಳಿಬಿಟ್ಟು ಮತ್ತೆ ಉಟ್ಟುಕೊಂಡರು.