ಹಸ್‌ದೇವ್ ಅರಂಡ್ ಗಣಿ ವಿರೋಧಿ ಚಳವಳಿ

ಉತ್ತರ ಛತ್ತೀಸಗಢದ ಸರ್ಗುಜಾ, ಕೋರ್ಬಾ, ಸೂರಜ್‌ಪುರ ಜಿಲ್ಲೆಗಳಲ್ಲಿ ಹರಡಿದ ಸಾಲವೃಕ್ಷಗಳ ಕಾಡಿನಲ್ಲಿ ಕಲ್ಲಿದ್ದಲಿನ ಬಯಲು ಗಣಿಗಳಿಗೆ ಅನುಮತಿ ನೀಡಿದ್ದನ್ನು ವಿರೋಧಿಸಿ ಗೊಂಡ ಮತ್ತಿತರ ಆದಿವಾಸಿಗಳು ನಡೆಸುತ್ತಿರುವ ಹೋರಾಟ. ಮಹಾನದಿಯ ಉಪನದಿ ಹಸ್‌ದೇವ್‌ಗೆ ನೀರುಣಿಸುವ ಈ ಕಾಡು ಆನೆಗಳ ನೆಲೆಯೂ ಹೌದು. ಹಿಪ್ಪೆ ಹೂವು, ಬೀಡಿ ಎಲೆ ಆಯ್ದು ಮಾರುವುದು ಇಲ್ಲಿನ ಮನೆಗಳ ಮುಖ್ಯ ಆದಾಯಗಳಲ್ಲೊಂದು.

ಅನುಮತಿ

ಇಡೀ ಪ್ರದೇಶ ಗಣಿಗಾರಿಕೆಗೆ ನಿಷಿದ್ಧವೆಂದು 2010ರ ಹೊತ್ತಿಗೆ ಗುರುತಾಗಿತ್ತು. ಪರ್ಸಾ ಈಸ್ಟ್–ಕೇತೆ ಬಾಸನ್ ಗಣಿ ಬೇಡವೆಂದು ಅರಣ್ಯ ಸಲಹಾ ಸಮಿತಿ ಹೇಳಿದರೂ, ಅದು ಕಾಡಂಚಿನಲ್ಲಿದೆ ಎಂಬ ಕಾರಣವನ್ನೂ ಮುಂದಿಟ್ಟು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ 2011ರಲ್ಲಿ ಒಪ್ಪಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಆ ಅನುಮತಿಯನ್ನು ರದ್ದುಮಾಡಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ಅಗೆತ ನಿಲ್ಲಲಿಲ್ಲ.

ಠರಾವಿನ ಜಗಳ

ಧರಣಿ, ಮೆರವಣಿಗೆಗಳಷ್ಟೇ ಮುಖ್ಯವಾದದ್ದು ಗ್ರಾಮಸಭೆಯ ನಡಾವಳಿ ಪುಸ್ತಕ. ಅರಣ್ಯಭೂಮಿಯನ್ನು ಬೇರೆ ಬಳಕೆಗೆ ಕೊಡುವ ಮುನ್ನ ಅರಣ್ಯ ಹಕ್ಕುಗಳು ಇತ್ಯರ್ಥವಾಗಿರಬೇಕು, ಕನಿಷ್ಠ ಅರ್ಧದಷ್ಟು ಕೋರಂ ಇದ್ದ ಗ್ರಾಮಸಭೆ ಒಪ್ಪಿರಬೇಕು ಎಂದು ಪರಿಸರ ಸಚಿವಾಲಯದ 2009ರ ಆಗಸ್ಟ್ ಸುತ್ತೋಲೆ ಹೇಳಿತ್ತು. 2014ರಲ್ಲಿ ಸುಮಾರು 20 ಗ್ರಾಮಸಭೆಗಳು ಗಣಿ ಬೇಡವೆಂದು ಠರಾವು ಮಾಡಿದವು. ಆದರೆ ಪಕ್ಕದ ಪರ್ಸಾ ಗಣಿಯ ಕಡತದಲ್ಲಿ ಸಾಲ್ಹಿ, ಹರಿಹರಪುರ, ಫತೇಪುರಗಳ ಒಪ್ಪಿಗೆ ಕಾಣಿಸಿಕೊಂಡಿತು. ಊರವರ ದೂರು ಸರಳ: ಸಭೆಯಲ್ಲಿ ಚರ್ಚೆಗೇ ಬಾರದ ವಿಷಯವನ್ನು ಸಹಿ ಬಿದ್ದ ಮೇಲೆ ಪುಸ್ತಕಕ್ಕೆ ಸೇರಿಸಿದ್ದಾರೆ. ಅದು ನಿಜವಾದರೆ ಅನುಮತಿಯ ಬುಡವೇ ಅಲುಗುತ್ತದೆ. ಆದ್ದರಿಂದಲೇ ತನಿಖೆಯ ಬೇಡಿಕೆಯನ್ನು ಅವರು ಎಂದೂ ಕೈಬಿಡಲಿಲ್ಲ. ಘಾಟ್‌ಬರ್ರಾ ಊರಿನ ಸಾಮುದಾಯಿಕ ಅರಣ್ಯ ಹಕ್ಕನ್ನು, ಅದನ್ನು ಮುಂದಿಟ್ಟುಕೊಂಡು ಗಣಿ ಕೆಲಸಕ್ಕೆ ಅಡ್ಡಿಪಡಿಸುತ್ತಾರೆಂದು ಜಿಲ್ಲಾಡಳಿತ 2016ರಲ್ಲಿ ರದ್ದುಮಾಡಿದ್ದೂ ಇಲ್ಲಿ ನೆನೆಯತಕ್ಕದ್ದು. ಕೊಟ್ಟ ಹಕ್ಕನ್ನು ಹೀಗೆ ಹಿಂಪಡೆಯಲು ಅರಣ್ಯ ಹಕ್ಕು ಕಾಯಿದೆಯಲ್ಲಿ ಅವಕಾಶವಿಲ್ಲ.

ನಂತರ

2021ರ ಅಕ್ಟೋಬರಿನಲ್ಲಿ ಊರವರು ಮದನ್‌ಪುರದಿಂದ ರಾಯಪುರಕ್ಕೆ ಸುಮಾರು 300 ಕಿ.ಮೀ. ಪಾದಯಾತ್ರೆ ನಡೆಸಿ ರಾಜ್ಯಪಾಲರನ್ನು ಕಂಡರು. ಅದೇ ತಿಂಗಳ 21ರಂದು ಪರ್ಸಾಕ್ಕೆ ಕೇಂದ್ರದ ಅಂತಿಮ ಅರಣ್ಯ ಅನುಮತಿ ಬಂತು. ಮರುವರ್ಷ ಮಾರ್ಚಿನಿಂದ ಹರಿಹರಪುರದಲ್ಲಿ ಅನಿರ್ದಿಷ್ಟ ಧರಣಿ. ಕಲ್ಲಿದ್ದಲು ಬ್ಲಾಕ್‌ಗಳನ್ನು ರದ್ದುಪಡಿಸಬೇಕೆಂದು ವಿಧಾನಸಭೆ 2022ರ ಜುಲೈ 26ರಂದು ಅವಿರೋಧ ನಿರ್ಣಯ ಮಾಡಿತು. ಅದರ ಫಲ ಸೀಮಿತ. ಪರಿಹಾರ, ನೌಕರಿ ನೆಚ್ಚಿ ಗಣಿ ಬರಲಿ ಎಂದವರೂ ಈ ಊರುಗಳಲ್ಲೇ ಇದ್ದಾರೆ. ಚಳವಳಿಯ ಸಂಘಟಕ ಆಲೋಕ್ ಶುಕ್ಲಾ ಅವರಿಗೆ 2024ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಪರ್ಸಾದ ಮರ ಕಡಿತಕ್ಕೆ ಪೊಲೀಸ್ ಕಾವಲು ಬಂದಾಗ ಘರ್ಷಣೆಯಾಗಿ ಎರಡೂ ಕಡೆಯವರು ಗಾಯಗೊಂಡರು.