ಸಾವಯವ ಸ್ಫಟಿಕ ಲೇಸರ್: ಒಂದು ಚಾರಿತ್ರಿಕ ಸಮೀಕ್ಷೆ

1960ರಲ್ಲಿ ಅಮೆರಿಕದ ಥಿಯೊಡೋರ್ ಮೇಮನ್ ಮಾಣಿಕ್ಯದ ಸ್ಫಟಿಕದಿಂದ ಮೊತ್ತಮೊದಲ ಲೇಸರ್ ಕಿರಣವನ್ನು ಪಡೆದರೆಂಬುದು ಸುವಿದಿತ. 1966ರಲ್ಲಿ ಅಮೆರಿಕದ ಸೊರೊಕಿನ್ ಮತ್ತು ಲ್ಯಾಂಕರ್ಡರೂ, ಜರ್ಮನಿಯ ಷೇಫರರೂ ಸಾವಯವ ವರ್ಣದ್ರವ್ಯಗಳ ದ್ರಾವಣದಿಂದ ಅದನ್ನು ಸಾಧಿಸಿದರು. ಇಂಗಾಲದ ಅಣುಗಳೂ ಲೇಸರಿಗೆ ಯೋಗ್ಯವೆಂದು ಇದರಿಂದ ಸಿದ್ಧವಾಯಿತು. ಅಂತಹ ಅಣುಗಳನ್ನು ಘನಸ್ಫಟಿಕವಾಗಿ ಜೋಡಿಸಿ, ವಿದ್ಯುತ್ತಿನಿಂದ ನಡೆಯುವ ಅತಿಸೂಕ್ಷ್ಮ ಲೇಸರನ್ನು ನಿರ್ಮಿಸಬಾರದೇಕೆ? ಈ ಪ್ರಶ್ನೆಯ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ದ್ರಾವಣದಲ್ಲಿ ಅಣುಗಳು ಪರಸ್ಪರ ದೂರವಿರುತ್ತವೆ, ಸ್ಫಟಿಕದಲ್ಲಿ ಒತ್ತೊತ್ತಾಗಿರುತ್ತವೆ. ಚಪ್ಪಟೆಯಾದ ಅಣುಗಳು ಮುಖಕ್ಕೆ ಮುಖವಿಟ್ಟು ನಿಂತರೆ ಅವುಗಳ ಪ್ರತಿದೀಪ್ತಿಯು ಬಹುಮಟ್ಟಿಗೆ ಕುಂದುತ್ತದೆ. ಆದರೆ ವಿದ್ಯುದಾವೇಶವು ಅಣುವಿನಿಂದ ಅಣುವಿಗೆ ಸುಲಭವಾಗಿ ದಾಟಬೇಕಾದರೆ ಈ ಸಾಮೀಪ್ಯವೇ ಬೇಕು. ವಿದ್ಯುತ್ತು ಬಯಸುವುದನ್ನು ಬೆಳಕು ಒಲ್ಲದು. ವಿನ್ಯಾಸದ ಮೂಲ ತೊಡಕು ಇದೇ. 1972ರಲ್ಲಿ ಜರ್ಮನಿಯ ಕಾರ್ಲ್ ಎಂಬವರು ಫ್ಲೂರೀನ್ ಸ್ಫಟಿಕದೊಳಗೆ ಆಂಥ್ರಸೀನ್ ಅಣುಗಳನ್ನು ವಿರಳವಾಗಿ ಬೆರೆಸಿ ಲೇಸರ್ ಪಡೆದರು. ಆದರೆ ಅದಕ್ಕೆ ಚೋದಕವಾದುದು ಬೆಳಕೇ ಹೊರತು ವಿದ್ಯುತ್ತಲ್ಲ.

2000ದಲ್ಲಿ ಬೆಲ್ ಪ್ರಯೋಗಾಲಯದ ಷೋನ್ ಮತ್ತು ಸಹಲೇಖಕರು, ಟೆಟ್ರಸೀನ್ ಸ್ಫಟಿಕಕ್ಕೆ ವಿದ್ಯುತ್ತು ಹಾಯಿಸಿ ಲೇಸರ್ ಪಡೆದುದಾಗಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತೊಡಕು ಬಿಡಿಸಿತೆಂದು ವಿದ್ವಾಂಸರು ಹರ್ಷಪಟ್ಟರು. ತರುವಾಯ ಷೋನರ ಬೇರೆ ಬೇರೆ ಪ್ರಬಂಧಗಳಲ್ಲಿ ಒಂದೇ ರೇಖಾಚಿತ್ರವು ಮರಳಿ ಕಾಣಿಸಿಕೊಂಡುದು ಸಂಶಯಕ್ಕೆ ಎಡೆಮಾಡಿತು. ಬೀಸ್ಲಿಯವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು 2002ರ ಸೆಪ್ಟೆಂಬರಿನಲ್ಲಿ, ಪರಿಶೀಲಿಸಿದ 24 ಆರೋಪಗಳಲ್ಲಿ 16ರಲ್ಲಿ ಷೋನರ ದುರ್ವರ್ತನೆಯನ್ನು ಕಂಡಿತು. ಸಹಲೇಖಕರನ್ನು ಆ ದೋಷದಿಂದ ಮುಕ್ತಗೊಳಿಸಿತು. ಅದೇ ವರ್ಷ ಟೆಟ್ರಸೀನ್ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ತೊಡಕು ಇದ್ದಲ್ಲಿಯೇ ಉಳಿಯಿತು.

ಆ ಬಳಿಕ ಈ ಕ್ಷೇತ್ರದ ಭಾಷೆಯೇ ಬದಲಾದಂತೆ ನಮಗೆ ತೋರುತ್ತದೆ. 2019ರಲ್ಲಿ ಜಪಾನಿನ ಕ್ಯುಷು ವಿಶ್ವವಿದ್ಯಾನಿಲಯದ ಅಡಾಚಿ ಮತ್ತು ಸಂಗಡಿಗರು ಸ್ಫಟಿಕವನ್ನಲ್ಲದೆ ತೆಳುಪೊರೆಯನ್ನು ಬಳಸಿ ವಿದ್ಯುತ್ ಲೇಸರಿನ ಪುರಾವೆಯನ್ನು ಮುಂದಿಟ್ಟಾಗ, ಪ್ರಬಂಧದ ಶೀರ್ಷಿಕೆಯಲ್ಲಿ 'ಸೂಚನೆ' ಎಂಬ ಎಚ್ಚರದ ಪದವನ್ನೇ ಆಯ್ದುಕೊಂಡರು. 2023ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದವರು, ವಿದ್ಯುತ್ತನ್ನು ಬೆಳಕಾಗಿಸುವ ಭಾಗವನ್ನೂ ಆ ಬೆಳಕಿನಿಂದ ಲೇಸರ್ ಹೊಮ್ಮಿಸುವ ಭಾಗವನ್ನೂ ಬೇರ್ಪಡಿಸಿ ಒಂದೇ ಸಾಧನದಲ್ಲಿ ಜೋಡಿಸಿದರು. ಒಂದೇ ವಸ್ತುವಿನಿಂದ ಎರಡು ಗುಣಗಳನ್ನು ಬಲವಂತವಾಗಿ ಕೇಳದಿರುವುದೂ ಒಂದು ಉತ್ತರವಾಯಿತು.

ವಿನ್ಯಾಸಕಾರನು ಅಣುವನ್ನು ಮಾತ್ರವಲ್ಲದೆ ಅದರ ನೆರೆಯನ್ನೂ ಎಣಿಸಬೇಕೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ. ಬಹುಕಾಲದಿಂದ ಬಯಸಿದ ಫಲವು ದೊರೆತಾಗಲೇ ಪರೀಕ್ಷೆಯು ಹೆಚ್ಚು ಕಠಿಣವಾಗಿರಬೇಕೆಂಬುದನ್ನು ವಿದ್ಯಾರ್ಥಿಗಳು ಇದರೊಡನೆ ಮನನ ಮಾಡತಕ್ಕದ್ದು.